ಯುದ್ಧಕಾಲದ ವರ್ತಕ ಬಿಲ್ಲೆಗಳು: ಸಂಗ್ರಾಹಕನ ಬೆಲೆ ಮತ್ತು ಚರಿತ್ರಕಾರನ ಬೆಲೆ

೧

ಅಮೆರಿಕದ ಅಂತರ್ಯುದ್ಧವೆಂದೊಡನೆ ಕರ್ನಾಟಕದ ಚರಿತ್ರೆಯ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ಹತ್ತಿ. ೧೮೬೧ರಿಂದ ೧೮೬೫ರವರೆಗೆ ನಡೆದ ಆ ಯುದ್ಧದಲ್ಲಿ ದಕ್ಷಿಣ ಸಂಸ್ಥಾನಗಳ ರೇವುಗಳನ್ನು ಉತ್ತರದ ನೌಕಾಬಲ ಮುತ್ತಿದುದರಿಂದ ಲ್ಯಾಂಕಾಷೈರಿನ ಗಿರಣಿಗಳಿಗೆ ಅರಳೆ ಬರುವುದು ನಿಂತು, ಧಾರವಾಡ ಸೀಮೆಯ ಹತ್ತಿಗೆ ಅಪೂರ್ವವಾದ ಬೆಲೆ ಬಂದಿತೆಂಬುದನ್ನು ನಾವು ತರಗತಿಗಳಲ್ಲಿ ಹೇಳುತ್ತಲೇ ಇರುತ್ತೇವೆ. ಆ ವರ್ಷಗಳಲ್ಲಿ ಮುಂಬಯಿಯ ಪೇಟೆಗೆ ಬೆಳ್ಳಿ ಬಂಗಾರಗಳು ಹರಿದುಬರುತ್ತಿದ್ದುವು. ಅದೇ ಯುದ್ಧದ ಇನ್ನೊಂದು ಮುಖವನ್ನು ನಾವು ಹೇಳುವುದು ಕಡಮೆ. ಅತ್ತ ನ್ಯೂಯಾರ್ಕ್, ಸಿನ್ಸಿನಾಟಿ ಮೊದಲಾದ ನಗರಗಳಲ್ಲಿ ಬೆಳ್ಳಿಯ ನಾಣ್ಯಗಳು ಕಣ್ಮರೆಯಾಗಿ, ಅವುಗಳ ಹಿಂದೆಯೇ ಒಂದು ಸೆಂಟಿನ ಕಾಸೂ ಮಾಯವಾಗಿ, ರೊಟ್ಟಿ ಕೊಳ್ಳಲು ಹೋದವನಿಗೆ ಚಿಲ್ಲರೆ ಕೊಡಲಾರದೆ ಅಂಗಡಿಕಾರನು ಕೈಕಟ್ಟಿ ಕುಳಿತುಕೊಳ್ಳಬೇಕಾಯಿತು. ಆಗ ವರ್ತಕರು ತಾವೇ ಹಣದ ಬಿಲ್ಲೆಗಳನ್ನು ಅಚ್ಚು ಹಾಕಿಸಿ ಚಲಾವಣೆಗೆ ಬಿಟ್ಟರು.

ಈ ಬಿಲ್ಲೆಗಳನ್ನು ಕೂಡಿಹಾಕುವ ಹವ್ಯಾಸ ನೂರಾರವತ್ತು ವರ್ಷಗಳಿಂದ ನಡೆದುಬಂದಿದೆ. ಅವನ್ನು ಕುರಿತ ಸೂಚಿಗಳು ಹಲವಾರು. ಅವನ್ನು ಸಂಗ್ರಹಿಸುವವರ ಸಂಘವೊಂದು ಅಮೆರಿಕದಲ್ಲಿ ೧೯೬೭ರಲ್ಲಿ ಸ್ಥಾಪಿತವಾಯಿತು. ಈ ಬಿಲ್ಲೆಗಳ ವಿಷಯದಲ್ಲಿ ಇಂದು ಯಾರಾದರೂ ಬರೆಯಹೊರಟರೆ ಆ ಸೂಚಿಗಳನ್ನೇ ಆಧಾರವಾಗಿ ಹಿಡಿಯಬೇಕಾಗುತ್ತದೆ. ಆದರೆ ಸಂಗ್ರಾಹಕನು ತನ್ನ ಪ್ರಯೋಜನಕ್ಕಾಗಿ ಕಟ್ಟಿದ ಸೂಚಿಯನ್ನು ಚರಿತ್ರಕಾರನು ಹಾಗೆಯೇ ಆಧಾರಗ್ರಂಥವಾಗಿ ಸ್ವೀಕರಿಸಬಹುದೇ? ಸಂಗ್ರಾಹಕನು ಅಮೂಲ್ಯವೆಂದು ಎಣಿಸುವ ಬಿಲ್ಲೆ ಚರಿತ್ರಕಾರನಿಗೂ ಅಮೂಲ್ಯವೇ? ಈ ಪ್ರಶ್ನೆಗಳನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬಹುಮಟ್ಟಿಗೆ ಇವೆರಡು ಬೆಲೆಗಳು ಒಂದಕ್ಕೊಂದು ವಿರುದ್ಧವಾಗಿವೆ ಎಂಬುದು ನನ್ನ ಅಭಿಪ್ರಾಯ.

೨

ಮೊದಲು ಚಿಲ್ಲರೆಯ ಅಭಾವ ಹೇಗೆ ಉಂಟಾಯಿತೆಂಬುದನ್ನು ಸಂಕ್ಷೇಪವಾಗಿ ನೋಡಬೇಕು. ೧೮೬೧ರ ಡಿಸೆಂಬರ್ ಕೊನೆಯಲ್ಲಿ ನ್ಯೂಯಾರ್ಕಿನ ಬ್ಯಾಂಕುಗಳು ತಮ್ಮ ನೋಟುಗಳಿಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿದುವು. ೧೮೬೨ರ ಫೆಬ್ರವರಿ ೨೫ರ ಶಾಸನದಂತೆ ಸರ್ಕಾರವು ಹಿಂಬದಿಯಲ್ಲಿ ಹಸಿರು ಬಣ್ಣವಿದ್ದ ಕಾಗದದ ಹಣವನ್ನು ಹೊರಡಿಸಿತು. ಈ ಕಾಗದಕ್ಕೆ ಚಿನ್ನದ ಲೆಕ್ಕದಲ್ಲಿ ಬೆಲೆ ಇಳಿಯುತ್ತ ಬಂದಂತೆ ಅದೇ ವರ್ಷದ ಬೇಸಗೆಯ ಹೊತ್ತಿಗೆ ಬೆಳ್ಳಿಯ ಚಿಕ್ಕ ನಾಣ್ಯಗಳಲ್ಲಿದ್ದ ಲೋಹವು ಅವುಗಳ ಮುಖಬೆಲೆಯ ಕಾಗದಕ್ಕಿಂತ ಹೆಚ್ಚು ಬಾಳತೊಡಗಿತು. ಕೆಲವೇ ವಾರಗಳಲ್ಲಿ ಅವು ಕೆನಡಾ ಮುಂತಾದ ಹೊರದೇಶಗಳಿಗೆ ರವಾನೆಯಾದುವು. ಉಳಿದವು ಜನರ ಪೆಟ್ಟಿಗೆಗಳನ್ನು ಸೇರಿದುವು. ಕೆಟ್ಟ ಹಣವು ಒಳ್ಳೆಯ ಹಣವನ್ನು ಹೊರದೂಡುತ್ತದೆ ಎಂಬ ಗ್ರೆಷಾಮನ ನಿಯಮಕ್ಕೆ ಇದು ಒಳ್ಳೆಯ ನಿದರ್ಶನ.

ಒಂದು ಸೆಂಟಿನ ನಾಣ್ಯದ ಕಥೆ ಇದಕ್ಕಿಂತ ವಿಚಿತ್ರವಾದುದು. ಆಗಿನ ಸೆಂಟು ನೂರಕ್ಕೆ ೮೮ ಪಾಲು ತಾಮ್ರವೂ ೧೨ ಪಾಲು ನಿಕಲೂ ಸೇರಿದ, ೭೨ ಗ್ರೇನ್ ತೂಕದ ನಾಣ್ಯ. ಅದರಲ್ಲಿದ್ದ ಲೋಹದ ಬೆಲೆ ಮುಖಬೆಲೆಗಿಂತ ಕಡಮೆಯೇ ಆಗಿತ್ತು. ಬೆಳ್ಳಿ ಮರೆಯಾದ ಬಳಿಕ ಇರುವ ಒಂದೇ ಲೋಹದ ಹಣ ಇದಾದುದರಿಂದ ಜನರು ಇದನ್ನೂ ಕೂಡಿಡತೊಡಗಿದರು. ಸೆಂಟುಗಳ ಕಟ್ಟುಗಳು ವಟ್ಟದ ಮೇಲೆ ಮಾರಾಟವಾದುವು. ಟಂಕಸಾಲೆ ಸುಮ್ಮನಿರಲಿಲ್ಲ. ೧೮೬೨ರಲ್ಲಿ ೨ ಕೋಟಿ ೮೦ ಲಕ್ಷಕ್ಕೂ ಮಿಕ್ಕು, ೧೮೬೩ರಲ್ಲಿ ೪ ಕೋಟಿ ೯೮ ಲಕ್ಷ ೪೦ ಸಾವಿರ ಸೆಂಟುಗಳು ಅಲ್ಲಿ ತಯಾರಾದುವು. ಆದರೂ ಪೇಟೆಯಲ್ಲಿ ಸೆಂಟು ಕಾಣಲಿಲ್ಲ. ನಾಣ್ಯದ ಅಭಾವವೆಂದರೆ ನಾಣ್ಯ ಇಲ್ಲದಿರುವುದಲ್ಲ, ಇರುವ ನಾಣ್ಯ ಕೈಬದಲಾಗದಿರುವುದು ಎಂಬ ಅಂಶವನ್ನು ಈ ಅಂಕಿಗಳು ಸ್ಪಷ್ಟಪಡಿಸುತ್ತವೆ.

ಯುದ್ಧವೇ ಈ ಅಭಾವಕ್ಕೆ ನೇರ ಕಾರಣವೆಂದು ಭಾವಿಸುವುದೂ ಸರಿಯಲ್ಲ. ಕ್ಯಾಲಿಫೋರ್ನಿಯದ ವರ್ತಕರು ಕಾಗದದ ಹಣವನ್ನು ಅದರ ಮುಖಬೆಲೆಗೆ ಸ್ವೀಕರಿಸಲು ಒಪ್ಪದೆ ಲೋಹದ ಹಣದಲ್ಲಿಯೇ ವ್ಯವಹಾರ ಮುಂದುವರಿಸಿದರು. ಅಲ್ಲಿ ಈ ತರಹದ ಬಿಲ್ಲೆಗಳ ಅಗತ್ಯವೇ ಬೀಳಲಿಲ್ಲ. ಯುದ್ಧ ಒಂದೇ, ದೇಶ ಒಂದೇ. ಕಾಗದದ ಹಣಕ್ಕೂ ಲೋಹದ ಹಣಕ್ಕೂ ಇದ್ದ ಸಂಬಂಧ ಮಾತ್ರ ಬೇರೆ.

ಸರ್ಕಾರ ಮೊದಲು ಮಾಡಿದ ಉಪಾಯ ಅಂಚೆಚೀಟಿ. ೧೮೬೨ರ ಜುಲೈ ೧೭ರ ಶಾಸನವು ಅಂಚೆಚೀಟಿಗಳನ್ನು ಸಣ್ಣ ಪಾವತಿಗಳಿಗೆ ಬಳಸಲು ಅವಕಾಶ ಕೊಟ್ಟಿತು. ಅಂಟುಬಳಿದ ಚೀಟಿಗಳು ಬೆವರುಗೈಯಲ್ಲಿ ಒಂದಕ್ಕೊಂದು ಹತ್ತಿಕೊಂಡು ಮುದ್ದೆಯಾಗುತ್ತಿದ್ದುವು. ಜಾನ್ ಗಾಲ್ಟ್ ಎಂಬಾತನು ಅದೇ ಆಗಸ್ಟ್ ೧೨ರಂದು, ಚೀಟಿಯನ್ನು ಹಿತ್ತಾಳೆಯ ಕರಂಡಕದಲ್ಲಿರಿಸಿ ಮೇಲೆ ಅಭ್ರಕದ ಹಾಳೆ ಮುಚ್ಚುವ ವಿಧಾನಕ್ಕೆ ಹಕ್ಕು ಪಡೆದನು. ಆ ಕರಂಡಕದ ಹಿಂಬದಿಯಲ್ಲಿ ವರ್ತಕರ ಜಾಹೀರಾತು ಮುದ್ರಿತವಾಗಿರುತ್ತಿತ್ತು. ಮುಂದೆ ಸರ್ಕಾರವೇ ಡಾಲರಿಗಿಂತ ಕಡಮೆ ಬೆಲೆಯ ಕಿರುನೋಟುಗಳನ್ನು ಹೊರಡಿಸಿತು. ಆದರೆ ಇವುಗಳಲ್ಲಿ ಯಾವುದೂ ಒಂದು ಸೆಂಟಿನ ಅಗತ್ಯವನ್ನು ಪೂರೈಸಲಿಲ್ಲ. ಆ ತೆರವನ್ನು ತುಂಬಿದ್ದು ವರ್ತಕರ ಬಿಲ್ಲೆ.

೩

ಈ ಬಿಲ್ಲೆಗಳು ಬಹುತೇಕ ತಾಮ್ರದವು, ಕೆಲವು ಹಿತ್ತಾಳೆಯವು. ಸುತ್ತಳತೆಯಲ್ಲಿ ಸರ್ಕಾರಿ ಸೆಂಟಿನಷ್ಟೇ, ಅಂದರೆ ಸುಮಾರು ೧೯ ಮಿಲಿಮೀಟರು ಅಡ್ಡಳತೆಯವು. ಆದರೆ ಅದಕ್ಕಿಂತ ತೆಳು. ಸೂಚೀಕಾರರು ಇವನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ಮೊದಲನೆಯವು 'ದೇಶಭಕ್ತಿಯ ಬಿಲ್ಲೆಗಳು': ಧ್ವಜ, ಫಿರಂಗಿ, ಸ್ವಾತಂತ್ರ್ಯದೇವಿಯ ಮುಖ, ಒಕ್ಕೂಟವನ್ನು ಎತ್ತಿಹಿಡಿಯುವ ಘೋಷಣೆ ಮುಂತಾದವು ಇವುಗಳ ಮೇಲಿರುತ್ತವೆ, ಹೊರಡಿಸಿದವನ ಹೆಸರಿರುವುದಿಲ್ಲ. ಎರಡನೆಯವು 'ಅಂಗಡಿಯ ಬಿಲ್ಲೆಗಳು': ವರ್ತಕನ ಹೆಸರು, ಊರು, ಕಸಬು ಇವುಗಳ ಮೇಲೆ ಸ್ಪಷ್ಟವಾಗಿರುತ್ತವೆ. ಮೂರನೆಯವು ಸೈನ್ಯದ ಬೀಡುಗಳಲ್ಲಿ ಸರಕು ಮಾರುತ್ತಿದ್ದ ದಂಡಿನ ವರ್ತಕರು ಹೊರಡಿಸಿದವು; ಇವುಗಳ ಮೇಲೆ ಪಡೆಯ ಹೆಸರೂ ಇರುವುದುಂಟು. ಒಟ್ಟು ಎರಡೂವರೆ ಕೋಟಿಗೆ ಕಡಮೆಯಿಲ್ಲದಷ್ಟು ಬಿಲ್ಲೆಗಳು ಚಲಾವಣೆಗೆ ಬಂದಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಪ್ರಭೇದಗಳು ಹತ್ತು ಸಾವಿರಕ್ಕೂ ಹೆಚ್ಚು.

ವರ್ತಕರಿಗೆ ಕಾನೂನಿನ ಭಯ ಇರಲಿಲ್ಲವೆಂದಲ್ಲ. ಅಂಚೆಚೀಟಿಗೆ ಅವಕಾಶಕೊಟ್ಟ ೧೮೬೨ರ ಶಾಸನವೇ ಒಂದು ಡಾಲರಿಗಿಂತ ಕಡಮೆ ಬೆಲೆಯ ಖಾಸಗಿ ಚೀಟಿಗಳನ್ನೂ ಬಿಲ್ಲೆಗಳನ್ನೂ ಹಣವಾಗಿ ಚಲಾಯಿಸುವುದನ್ನು ನಿಷೇಧಿಸಿತ್ತು. ಆದುದರಿಂದಲೇ ಕೆಲವು ಬಿಲ್ಲೆಗಳ ಮೇಲೆ 'ಒಂದು ಸೆಂಟು' ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಕೊರೆದು, ಅದರ ನೆತ್ತಿಯ ಮೇಲೆ 'ಅಲ್ಲ' ಎಂಬರ್ಥದ ಪದವನ್ನು ಬಹಳ ಚಿಕ್ಕದಾಗಿ ಸೇರಿಸಿರುವುದನ್ನು ಕಾಣುತ್ತೇವೆ. ಇನ್ನು ಕೆಲವರು ಇದು ಹಣವಲ್ಲ, ಅಂಗಡಿಯ ಜಾಹೀರಾತು ಎಂದು ತೋರಿಸಿಕೊಂಡರು. ಇದಕ್ಕೆ ವಿರುದ್ಧವಾಗಿ, ಒಂದು ಸೆಂಟು ತಾನು ಸಲ್ಲಿಸಬೇಕಾಗಿದೆ ಎಂದು ಬಹಿರಂಗವಾಗಿ ಕೆತ್ತಿಸಿದ ವರ್ತಕರೂ ಉಂಟು. ಬಿಲ್ಲೆಯ ಮೇಲಿನ ಬರಹವನ್ನು ಓದುವಾಗ ಅದು ಗಿರಾಕಿಗೆ ಹೇಳಿದ ಮಾತೋ ಅಧಿಕಾರಿಗೆ ಹೇಳಿದ ಮಾತೋ ಎಂಬುದನ್ನು ವಿವೇಚಿಸಬೇಕಾಗುತ್ತದೆ.

ಈ ಸಾಮಗ್ರಿಯನ್ನು ಕ್ರಮಪಡಿಸಿದ ಕೀರ್ತಿ ಸಂಗ್ರಾಹಕರಿಗೇ ಸಲ್ಲತಕ್ಕದ್ದು. ಜಾರ್ಜ್ ಹೆಟ್ರಿಕ್ ಮತ್ತು ಜೂಲಿಯಸ್ ಗಟ್ಟಾಗ್ ಇವರ ಸೂಚಿ ೧೯೨೪ರಲ್ಲಿ ಹೊರಬಂದಿತು. ಅದಕ್ಕಿಂತ ವ್ಯವಸ್ಥಿತವಾದ ಕೆಲಸ ಮಾಡಿದವರು ತಂದೆಮಕ್ಕಳಾದ ಮೆಲ್ವಿನ್ ಫುಲ್ಡ್ ಮತ್ತು ಜಾರ್ಜ್ ಫುಲ್ಡ್. ಇವರ ದೇಶಭಕ್ತಿಯ ಬಿಲ್ಲೆಗಳ ಸೂಚಿ ೧೯೬೦ರಲ್ಲಿಯೂ, ಅಂಗಡಿಯ ಬಿಲ್ಲೆಗಳ ಬೃಹತ್ಸೂಚಿ ೧೯೭೨ರಲ್ಲಿಯೂ ಪ್ರಕಟವಾದುವು. ಮೊದಲಿನದರಲ್ಲಿ ಪ್ರತಿಯೊಂದು ಅಚ್ಚಿಗೂ ಒಂದು ಸಂಖ್ಯೆಯಿತ್ತು, ಎರಡು ಅಚ್ಚುಗಳ ಜೋಡಿಯಿಂದ ಬಿಲ್ಲೆಯನ್ನು ಗುರುತಿಸುತ್ತಾರೆ; ಎರಡನೆಯದರಲ್ಲಿ ಸಂಸ್ಥಾನ, ಊರು, ವರ್ತಕ ಈ ಕ್ರಮದಿಂದ. ಲೋಹಕ್ಕೆ ಒಂದು ಅಕ್ಷರ, ವಿರಳತೆಗೆ ಒಂದು ಅಂಕ. ಈ ವ್ಯವಸ್ಥೆ ಇಂದಿಗೂ ಬಳಕೆಯಲ್ಲಿದೆ.

ಇದರ ಗುಣವನ್ನು ಮೊದಲು ಹೇಳಬೇಕು. ಅಚ್ಚಿನ ಸಂಖ್ಯೆಯಿಂದ ಆಗುವ ಪ್ರಯೋಜನ ದೊಡ್ಡದು. ಒಂದೇ ಅಚ್ಚನ್ನು ಬೇರೆಬೇರೆ ವರ್ತಕರ ಬಿಲ್ಲೆಗಳ ಹಿಂಬದಿಗೆ ಬಳಸಿದ್ದರೆ ಅವೆಲ್ಲವೂ ಒಂದೇ ಕಾರ್ಖಾನೆಯಿಂದ ಬಂದುವೆಂದು ಊಹಿಸಬಹುದು. ಅಚ್ಚು ಸವೆದು ಬಿರುಕುಬಿಡುತ್ತ ಹೋದ ಗುರುತುಗಳಿಂದ ಯಾವ ಬಿಲ್ಲೆ ಮೊದಲಿನದು, ಯಾವುದು ಅನಂತರದ್ದು ಎಂದು ಹೇಳಬಹುದು. ಬರವಣಿಗೆಯ ದಾಖಲೆಗಳಿಲ್ಲದ ಕಡೆ ಇದು ಬೆಲೆಯುಳ್ಳ ಸಾಕ್ಷ್ಯ. ಸಿನ್ಸಿನಾಟಿಯಲ್ಲಿ ವಿಲಿಯಂ ಲ್ಯಾನ್‌ಫಿಯರ್, ಜಾನ್ ಸ್ಟ್ಯಾಂಟನ್ ಮೊದಲಾದ ಅಚ್ಚುಗಾರರು ಎಷ್ಟು ಊರುಗಳ ವರ್ತಕರಿಗೆ ಬಿಲ್ಲೆ ಒದಗಿಸಿದರೆಂಬುದು ನಮಗೆ ತಿಳಿದಿರುವುದು ಈ ಬಗೆಯ ಹೋಲಿಕೆಯಿಂದಲೇ.

೪

ದೋಷ ಪ್ರಾರಂಭವಾಗುವುದು ವಿರಳತೆಯ ಅಂಕದಲ್ಲಿ. ಫುಲ್ಡರ ಮಾನದಂಡದಲ್ಲಿ ಹತ್ತು ಮೆಟ್ಟಿಲುಗಳಿವೆ. ಐದು ಸಾವಿರಕ್ಕಿಂತ ಹೆಚ್ಚು ಉಳಿದಿರುವ ಬಿಲ್ಲೆಗೆ ಒಂದನೆಯ ಅಂಕ. ಒಂದೇ ಒಂದು ಉಳಿದಿದ್ದರೆ ಹತ್ತನೆಯ ಅಂಕ. ಸಂಗ್ರಾಹಕನ ಗೌರವವೂ ಪೇಟೆಯ ಬೆಲೆಯೂ ಈ ಅಂಕದೊಡನೆ ಏರುತ್ತವೆ. ಇಲ್ಲಿ ಎಣಿಸಿರುವುದು ಉಳಿದಿರುವ ಬಿಲ್ಲೆಗಳನ್ನು, ಹೊರಡಿಸಿದ ಬಿಲ್ಲೆಗಳನ್ನಲ್ಲ. ಈ ಎರಡಕ್ಕೂ ನಡುವೆ ಒಂದು ಸ್ಥಿರವಾದ ಪ್ರಮಾಣವಿದ್ದಿದ್ದರೆ ಚಿಂತೆಯಿರಲಿಲ್ಲ. ಆದರೆ ಅಂಥ ಪ್ರಮಾಣ ಇರುವುದು ಸಾಧ್ಯವಿಲ್ಲ. ಲಕ್ಷಗಟ್ಟಲೆ ಹೊರಬಂದು, ಕೈಯಿಂದ ಕೈಗೆ ಸಾಗಿ, ಸವೆದು, ಕೊನೆಗೆ ತಾಮ್ರದ ಬೆಲೆಗೆ ಕರಗಿಹೋದ ಬಿಲ್ಲೆ ಇಂದು ವಿರಳವಾಗಿರಬಹುದು. ಹೊರಬಂದ ದಿನವೇ ಸಂಗ್ರಾಹಕನ ಪೆಟ್ಟಿಗೆ ಸೇರಿದ ಹತ್ತು ಬಿಲ್ಲೆಗಳು ಹತ್ತಕ್ಕೆ ಹತ್ತೂ ಉಳಿದಿರಬಹುದು. ಸೂಚಿಯಲ್ಲಿ ಇವೆರಡೂ ಒಂದೇ ಮೆಟ್ಟಿಲಿನಲ್ಲಿ ನಿಲ್ಲುತ್ತವೆ. ಚರಿತ್ರೆಯಲ್ಲಿ ಇವುಗಳಿಗೆ ಅಜಗಜಾಂತರ.

ಇದು ಕೇವಲ ತರ್ಕದ ಆಕ್ಷೇಪಣೆಯಲ್ಲ. ಯುದ್ಧ ನಡೆಯುತ್ತಿದ್ದಾಗಲೇ ಸಂಗ್ರಾಹಕರು ಈ ಬಿಲ್ಲೆಗಳ ಬೆನ್ನುಹತ್ತಿದ್ದರು. ಅಚ್ಚುಗಾರರು ಆ ಆಸೆಯನ್ನು ಬಲ್ಲವರಾಗಿದ್ದರು. ಅಂಗಡಿಗೆ ತಾಮ್ರದಲ್ಲಿ ಹಾಕಿಕೊಟ್ಟ ಬಿಲ್ಲೆಯನ್ನೇ ಸಂಗ್ರಾಹಕನಿಗಾಗಿ ಹಿತ್ತಾಳೆ, ನಿಕಲ್, ಬಿಳಿಲೋಹ, ಬೆಳ್ಳಿಗಳಲ್ಲಿ ಬೇರೆಬೇರೆಯಾಗಿ ಹಾಕಿಕೊಟ್ಟರು. ಒಂದು ಅಂಗಡಿಯ ಮುಂಬದಿಗೆ ಅದಕ್ಕೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ಅಚ್ಚಿನ ಹಿಂಬದಿಯನ್ನು ಕೂಡಿಸಿ ಹೊಸ 'ಪ್ರಭೇದ'ಗಳನ್ನು ಸೃಷ್ಟಿಸಿದರು. ಬೆಳ್ಳಿಯ ಹತ್ತು ಸೆಂಟಿನ ಸರ್ಕಾರಿ ನಾಣ್ಯದ ಮೇಲೆಯೇ ಬಿಲ್ಲೆಯ ಅಚ್ಚನ್ನು ಒತ್ತಿರುವ ಉದಾಹರಣೆಗಳೂ ಇವೆ. ಚಿಲ್ಲರೆಯೇ ಸಿಗದ ಕಾಲದಲ್ಲಿ ಹತ್ತು ಸೆಂಟಿನ ಬೆಳ್ಳಿಯನ್ನು ಒಂದು ಸೆಂಟಿನ ಬಿಲ್ಲೆಯಾಗಿ ಮಾಡುವ ವರ್ತಕನು ಎಲ್ಲಿಯೂ ಇರಲಾರ. ಅದು ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಎಂದೂ ಕಂಡದ್ದಲ್ಲ. ವಿನೋದಕ್ಕಾಗಿ ಮಾಡಿದ ಪದಾರ್ಥ. ಹೀಗಿದ್ದರೂ ಸೂಚಿಯಲ್ಲಿ ಅದಕ್ಕೆ ಉನ್ನತವಾದ ಅಂಕ. ಹಲವು ಕೈಗಳಲ್ಲಿ ಸವೆದ ತಾಮ್ರದ ಬಿಲ್ಲೆಗೆ ಕನಿಷ್ಠ ಅಂಕ.

ಸಂಗ್ರಾಹಕನ ಆಸೆಯೇ ಆಧಾರಸಾಮಗ್ರಿಯನ್ನು ಹುಟ್ಟಿಸುವ ಈ ಪರಿ ಅಮೆರಿಕದಲ್ಲೇ ಮೊದಲಾದುದಲ್ಲ. ೧೭೮೭ರಲ್ಲಿ ವೇಲ್ಸಿನ ಪ್ಯಾರಿಸ್ ಗಣಿಯ ಕಂಪೆನಿ ತಾಮ್ರದ ಪೆನ್ನಿಗಳನ್ನು ಹೊರಡಿಸಿದ ಮೇಲೆ ಇಂಗ್ಲೆಂಡಿನಲ್ಲಿ ಹತ್ತು ವರ್ಷಗಳ ಕಾಲ ವರ್ತಕರ ಬಿಲ್ಲೆಗಳ ಮಹಾಪ್ರವಾಹವೇ ಹರಿಯಿತು. ಜೇಮ್ಸ್ ಕಾಂಡರ್ ೧೭೯೮ರಲ್ಲಿ ಅವುಗಳ ಸೂಚಿಯನ್ನು ಪ್ರಕಟಿಸುವ ಹೊತ್ತಿಗೆ, ಸಂಗ್ರಾಹಕರಿಗೆ ಮಾರುವುದಕ್ಕೆಂದೇ ಅಚ್ಚುಗಳನ್ನು ಕಲಬೆರಕೆ ಮಾಡಿದ ಬಿಲ್ಲೆಗಳು ಧಾರಾಳವಾಗಿ ಹುಟ್ಟಿದ್ದುವು. ಲಂಡನ್ನಿನ ಥಾಮಸ್ ಸ್ಪೆನ್ಸನು ಈ ಬಗೆಯ ಕಲಬೆರಕೆಗೆ ಹೆಸರಾದವನು. ನಿಜವಾಗಿ ಚಲಾವಣೆಗೆ ಬಂದ ಬಿಲ್ಲೆಗಳನ್ನು ಇವುಗಳಿಂದ ಬೇರ್ಪಡಿಸಬೇಕೆಂಬ ಎಚ್ಚರ ಚಾರ್ಲ್ಸ್ ಪೈ ಎಂಬ ಸೂಚೀಕಾರನಿಗೆ ಆ ಕಾಲದಲ್ಲಿಯೇ ಇತ್ತು. ಇಂಥ ಎಚ್ಚರಕ್ಕೆ ಅಮೆರಿಕದ ಸೂಚಿಗಳಲ್ಲಿ ಸಾಕಷ್ಟು ಸ್ಥಾನ ದೊರೆತಿಲ್ಲ. ಇಂಥ ಬಿಲ್ಲೆಗಳು ಚಲಾವಣೆಗಾಗಿ ಅಲ್ಲವೆಂಬ ಸಂಗತಿ ಸೂಚೀಕಾರರಿಗೆ ತಿಳಿಯದ್ದಲ್ಲ. ತಿಳಿದೂ ಒಂದೇ ಸರಣಿಯಲ್ಲಿ, ಒಂದೇ ಅಂಕದಡಿಯಲ್ಲಿ ಅವನ್ನು ಕೂರಿಸಿರುವುದು ನನ್ನ ಆಕ್ಷೇಪಣೆಗೆ ಕಾರಣ.

ವಿರಳತೆಗೆ ಯಾವ ಕಡೆಯೂ ಚಾರಿತ್ರಿಕ ಅರ್ಥವಿಲ್ಲವೆಂದು ಹೇಳಿದರೆ ಅತಿಯಾಗುತ್ತದೆ. ದಂಡಿನ ವರ್ತಕರ ಬಿಲ್ಲೆಗಳನ್ನು ನೋಡಿ. ಇವನ್ನು ಸೈನಿಕನ ಮುಂದಿನ ಸಂಬಳದ ಭರವಸೆಯ ಮೇಲೆ ಸಾಲವಾಗಿ ಕೊಡುತ್ತಿದ್ದರು. ಆ ವರ್ತಕನ ಬಳಿಯಲ್ಲಿಯೇ ಇವನ್ನು ಖರ್ಚುಮಾಡಬೇಕಾಗಿತ್ತು. ಪಡೆ ಮುಂದೆ ಸಾಗುತ್ತಿತ್ತು, ಬಿಲ್ಲೆ ವರ್ತಕನಿಗೆ ಹಿಂದಿರುಗುತ್ತಿತ್ತು, ಇಲ್ಲವೇ ಬೀಡಿನ ಮಣ್ಣಿನಲ್ಲಿ ಹೂತುಹೋಗುತ್ತಿತ್ತು. ಇವು ವಿರಳವಾಗಿರುವುದು ಇವು ನಿಜವಾಗಿ ದುಡಿದುದರ ಫಲ. ಹಾಗಾದರೆ ಒಂದೇ ಅಂಕವು ಒಂದು ಕಡೆ ಬಳಕೆಯ ಗುರುತು, ಇನ್ನೊಂದು ಕಡೆ ಬಳಕೆಯಾಗದಿರುವುದರ ಗುರುತು. ಯಾವುದು ಯಾವುದೆಂದು ಅಂಕವು ಹೇಳುವುದಿಲ್ಲ. ಬಿಲ್ಲೆಯ ಸವೆತ, ಲೋಹ, ದೊರೆತ ಸ್ಥಳ ಇವೇ ಹೇಳಬೇಕು. ದುರ್ದೈವದಿಂದ ಸಂಗ್ರಹದ ಪೇಟೆಯಲ್ಲಿ ಸವೆತವೆಂಬುದು ದೋಷ. ದೊರೆತ ಸ್ಥಳವನ್ನಂತೂ ಯಾರೂ ಬರೆದಿಡುವುದಿಲ್ಲ.

೫

ಎರಡನೆಯ ದೋಷವು ಪ್ರಭೇದಗಳ ಎಣಿಕೆಗೆ ಸಂಬಂಧಿಸಿದುದು. ಅಂಗಡಿಯ ಬಿಲ್ಲೆಗಳ ಸೂಚಿಯನ್ನು ತೆರೆದರೆ ಒಹಾಯೋ ಸಂಸ್ಥಾನಕ್ಕೆ, ಅದರಲ್ಲಿಯೂ ಸಿನ್ಸಿನಾಟಿಗೆ, ಮೀಸಲಾದ ಪುಟಗಳು ಅಗಾಧ. ಇದನ್ನು ನೋಡಿದ ವಿದ್ಯಾರ್ಥಿಯು ಚಿಲ್ಲರೆಯ ಕಷ್ಟ ಸಿನ್ಸಿನಾಟಿಯಲ್ಲಿ ಅತ್ಯಧಿಕವಾಗಿತ್ತೆಂದೂ, ವ್ಯಾಪಾರ ಅಲ್ಲಿಯೇ ಹೆಚ್ಚಾಗಿತ್ತೆಂದೂ ನಿರ್ಣಯಿಸಲು ಮುಂದಾಗಬಹುದು. ಪ್ರಭೇದಗಳನ್ನು ಊರೂರಿಗೆ ಎಣಿಸಿ ಭೂಪಟವೊಂದನ್ನು ಬರೆದರೆ ನೋಡಲು ಅದು ಶಾಸ್ತ್ರೀಯವಾಗಿಯೇ ಕಾಣುತ್ತದೆ. ಆದರೆ ಸಿನ್ಸಿನಾಟಿಯಲ್ಲಿ ಹೆಚ್ಚಾಗಿದ್ದುದು ಅಚ್ಚುಗಾರರು, ಮತ್ತು ಆ ಅಚ್ಚುಗಾರರಲ್ಲಿ ಸಂಗ್ರಾಹಕರಿಗಾಗಿ ಕಲಬೆರಕೆ ಮಾಡುವ ರೂಢಿ. ಒಬ್ಬ ವರ್ತಕನ ಹೆಸರಿನಲ್ಲಿ ಇಪ್ಪತ್ತು ಪ್ರಭೇದಗಳಿವೆಯೆಂದರೆ ಅವನು ಇಪ್ಪತ್ತು ಬಾರಿ ಬಿಲ್ಲೆ ತರಿಸಿಕೊಂಡನೆಂದು ಅರ್ಥವಲ್ಲ. ಇನ್ನೊಬ್ಬನು ಒಂದೇ ಅಚ್ಚಿನಿಂದ ಹತ್ತು ಸಾವಿರ ಬಿಲ್ಲೆಗಳನ್ನು ತರಿಸಿ ಊರನ್ನೆಲ್ಲ ತುಂಬಿಸಿದ್ದರೂ ಸೂಚಿಯಲ್ಲಿ ಅವನಿಗೆ ಒಂದೇ ಸಾಲು.

ದಕ್ಷಿಣ ಸಂಸ್ಥಾನಗಳ ವಿಷಯದಲ್ಲಿಯೂ ಇದೇ ಬಗೆಯ ಭ್ರಾಂತಿ ಸಾಧ್ಯ. ಬಿಲ್ಲೆಗಳು ಬಹುಮಟ್ಟಿಗೆ ಉತ್ತರದವು. ದಕ್ಷಿಣದಿಂದ ಬಂದವು ಬೆರಳಲ್ಲಿ ಎಣಿಸುವಷ್ಟು. ಅಲ್ಲಿ ಚಿಲ್ಲರೆಗೆ ಕಷ್ಟವಿರಲಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅಲ್ಲಿಯೂ ನಾಣ್ಯ ಮಾಯವಾಗಿತ್ತು. ಆದರೆ ತಾಮ್ರವೂ ಅಚ್ಚಿನ ಕಾರ್ಖಾನೆಗಳೂ ದುರ್ಲಭವಾಗಿದ್ದ ಆ ಪ್ರದೇಶದಲ್ಲಿ ಅದೇ ಕಷ್ಟ ಕಾಗದದ ಕಿರುಚೀಟಿಗಳ ರೂಪ ತಾಳಿತು. ಲೋಹವನ್ನು ಸಂಗ್ರಹಿಸುವವನಿಗೆ ಕಾಗದ ಬೇರೊಂದು ವಿಷಯ, ಬೇರೊಂದು ಸೂಚಿ. ಚರಿತ್ರಕಾರನಿಗೆ ಇವೆರಡೂ ಒಂದೇ ಸಂಗತಿಯ ಎರಡು ರೂಪಗಳು.

'ದೇಶಭಕ್ತಿಯ ಬಿಲ್ಲೆ', 'ಅಂಗಡಿಯ ಬಿಲ್ಲೆ' ಎಂಬ ವಿಂಗಡಣೆಯನ್ನೂ ಇಲ್ಲಿಯೇ ಪರೀಕ್ಷಿಸಬಹುದು. ಒಂದೇ ಕಾರ್ಖಾನೆಯು ಎರಡನ್ನೂ ಮಾಡುತ್ತಿತ್ತು. ಒಂದೇ ಅಚ್ಚು ಎರಡಕ್ಕೂ ಹಿಂಬದಿಯಾಗುತ್ತಿತ್ತು. ಕನೆಕ್ಟಿಕಟ್ಟಿನ ವಾಟರ್ಬರಿಯಲ್ಲಿದ್ದ ಸ್ಕೋವಿಲ್ ಕಾರ್ಖಾನೆ ಗುಂಡಿಗಳನ್ನೂ, ಗಾಲ್ಟನ ಹಿತ್ತಾಳೆಯ ಕರಂಡಕಗಳನ್ನೂ, ಬಿಲ್ಲೆಗಳನ್ನೂ ಸಮಾನವಾಗಿ ತಯಾರಿಸಿತು. ಚಿತ್ರವನ್ನು ನೋಡಿ ಮಾಡಿದ ಈ ವಿಂಗಡಣೆಯು ನಿಜವಾದ ಭೇದವನ್ನು ಮರೆಸುತ್ತದೆ. ಆ ಭೇದ ಯಾವುದೆಂದರೆ, ಒಂದರ ಮೇಲೆ ಹೊಣೆಗಾರನ ಹೆಸರಿದೆ, ಇನ್ನೊಂದರ ಮೇಲೆ ಇಲ್ಲ. ಧ್ವಜದ ಚಿತ್ರವಿರುವ ಬಿಲ್ಲೆಯನ್ನು ಯಾವ ಬಾಗಿಲಿಗೆ ಕೊಂಡೊಯ್ದು ಸರ್ಕಾರಿ ಹಣ ಕೇಳಬೇಕು? ಅದನ್ನು ಸ್ವೀಕರಿಸಿದವನು ಇನ್ನೊಬ್ಬನು ಅದನ್ನು ತನ್ನಿಂದ ಸ್ವೀಕರಿಸುವನೆಂಬ ಒಂದೇ ನಂಬಿಕೆಯ ಮೇಲೆ ಸ್ವೀಕರಿಸಿದನು. ಅದರ ಮೇಲಿನ ದೇಶಭಕ್ತಿಯ ಘೋಷಣೆ ಆ ನಂಬಿಕೆಗೆ ಒತ್ತಾಸೆಯಾಗಿತ್ತೇ, ಅಥವಾ ಹೊಣೆಗಾರನ ಹೆಸರಿಲ್ಲದ ಕೊರತೆಯನ್ನು ಮರೆಮಾಚುವ ಉಪಾಯವಾಗಿತ್ತೇ ಎಂಬ ಪ್ರಶ್ನೆ ವಿಚಾರಯೋಗ್ಯವಾದುದು.

೬

ಈ ಪ್ರಶ್ನೆಗೆ ಸಂಬಂಧಪಟ್ಟಂತೆ ಎಲ್ಲ ಸೂಚಿಗಳ ಮುನ್ನುಡಿಗಳಲ್ಲಿಯೂ ಒಂದು ಕಥೆ ಬರುತ್ತದೆ. ನ್ಯೂಯಾರ್ಕಿನಲ್ಲಿ ಪಾನಗೃಹ ನಡೆಸುತ್ತಿದ್ದ ಗುಸ್ಟಾವಸ್ ಲಿಂಡೆನ್‌ಮ್ಯೂಲರ್ ಎಂಬಾತನು ತನ್ನ ಹೆಸರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಒಂದು ಸೆಂಟಿನ ಬಿಲ್ಲೆಗಳನ್ನು ಹರಡಿದನಂತೆ. ಥರ್ಡ್ ಅವೆನ್ಯೂ ಟ್ರಾಂ ಕಂಪೆನಿಯವರು ಪ್ರಯಾಣಿಕರಿಂದ ಸ್ವೀಕರಿಸಿದ ಬಿಲ್ಲೆಗಳ ದೊಡ್ಡ ರಾಶಿಯನ್ನು ತಂದು ಹಣ ಕೇಳಿದಾಗ ಆತನು ನಕ್ಕು ಕಳುಹಿಸಿದನಂತೆ. ಕಂಪೆನಿಗೆ ಯಾವ ಪರಿಹಾರವೂ ಇರಲಿಲ್ಲ; ಈ ಪ್ರಸಂಗವೇ ೧೮೬೪ರ ನಿಷೇಧಕ್ಕೆ ಕಾರಣವಾಯಿತು ಎಂದು ಕಥೆ ಮುಗಿಯುತ್ತದೆ.

ಕಥೆ ಸೊಗಸಾಗಿದೆ, ಸೊಗಸಾಗಿರುವುದರಿಂದಲೇ ನಾವು ಜಾಗರೂಕರಾಗಿರಬೇಕು. ನಷ್ಟ ಹೊಂದಿದವರು ಒಂದು ದೊಡ್ಡ ಕಂಪೆನಿ, ಮೋಸ ಮಾಡಿದವನು ಒಬ್ಬ ಪಾನಗೃಹದವನು, ನ್ಯಾಯ ಒದಗಿಸಿದ್ದು ಸರ್ಕಾರ ಎಂಬ ಈ ಚೌಕಟ್ಟಿನಲ್ಲಿ ಟ್ರಾಮಿನ ಪ್ರಯಾಣಿಕನು ಕಾಣಿಸುವುದೇ ಇಲ್ಲ. ಕಂಪೆನಿಯು ಬಿಲ್ಲೆಯನ್ನು ನಿರಾಕರಿಸಿದ ಮರುದಿನ ಅದು ಯಾರ ಕಿಸೆಯಲ್ಲಿತ್ತು? ದಿನಗೂಲಿಯ ಚಿಲ್ಲರೆಯಾಗಿ ಅದನ್ನು ಪಡೆದವರು, ರೊಟ್ಟಿಯ ಬಾಕಿಯಾಗಿ ಪಡೆದವರು ಇವರ ನಷ್ಟ ತಲಾ ಕೆಲವು ಸೆಂಟುಗಳು. ಅಷ್ಟು ಸಣ್ಣ ನಷ್ಟಕ್ಕೆ ದೂರು ದಾಖಲೆಯಾಗುವುದಿಲ್ಲ. ದಾಖಲೆಯಿಲ್ಲದ ನಷ್ಟಕ್ಕೆ ಸಾಕ್ಷಿಯಾಗಿ ನಿಂತಿರುವುದು ಸವೆದ ಬಿಲ್ಲೆ ಮಾತ್ರ. ಅದನ್ನೇ ಸಂಗ್ರಹದ ಪೇಟೆ ಕೀಳೆಂದು ಎಣಿಸುತ್ತದೆ.

ನಿಷೇಧಕ್ಕೆ ಆ ಪ್ರಸಂಗವೊಂದೇ ಕಾರಣವೆಂಬುದನ್ನೂ ಒಪ್ಪುವುದು ಕಷ್ಟ. ಟಂಕಸಾಲೆಯ ನಿರ್ದೇಶಕನಾಗಿದ್ದ ಜೇಮ್ಸ್ ಪೋಲಕನು ೧೮೬೩ರ ವರದಿಯಲ್ಲಿ ನಿಕಲ್ ಬೆರೆಸಿದ ದಪ್ಪ ಸೆಂಟನ್ನು ಬಿಟ್ಟು ಕಂಚಿನ ತೆಳುವಾದ ಸೆಂಟನ್ನು ತರಬೇಕೆಂದು ಶಿಫಾರಸು ಮಾಡಿದ್ದನು. ಚಿನ್ನ ಬೆಳ್ಳಿಗಳಲ್ಲಿ ಪೂರ್ಣ ಬೆಲೆಯನ್ನು ಬಯಸುವ ಜನರು ಸಣ್ಣ ಕಾಸಿನಲ್ಲಿ ಬಯಸುವುದು ಲೆಕ್ಕ ತೀರಿಸುವ ಅನುಕೂಲವನ್ನು ಮಾತ್ರ ಎಂಬುದು ಅವನ ವಾದ. ಈ ವಾದಕ್ಕೆ ವರ್ತಕರ ಬಿಲ್ಲೆಗಳಿಗಿಂತ ಪ್ರಬಲವಾದ ನಿದರ್ಶನ ಬೇಕಾಗಿರಲಿಲ್ಲ. ಪೆನ್ಸಿಲ್ವೇನಿಯದಲ್ಲಿ ನಿಕಲ್ ಗಣಿಯನ್ನು ಹೊಂದಿದ್ದ ಜೋಸೆಫ್ ವಾರ್ಟನ್ ಇದನ್ನು ವಿರೋಧಿಸಿದರೂ ೧೮೬೪ರ ಏಪ್ರಿಲ್ ೨೨ರ ಶಾಸನದಿಂದ ಕಂಚಿನ ಸೆಂಟು ಜಾರಿಗೆ ಬಂದಿತು. ಅದರ ತೂಕ ೪೮ ಗ್ರೇನ್. ಹಿಂದಿನ ಸೆಂಟಿನ ಮೂರರಲ್ಲಿ ಎರಡು ಪಾಲು. ತೆಳುವಿನಲ್ಲಿಯೂ ಬಣ್ಣದಲ್ಲಿಯೂ ವರ್ತಕರ ಬಿಲ್ಲೆಯ ಸಹೋದರ. ಅದೇ ಶಾಸನವು ಒಂದು, ಎರಡು ಸೆಂಟುಗಳ ಖಾಸಗಿ ನಾಣ್ಯಗಳನ್ನು ನಿಷೇಧಿಸಿತು. ಜೂನ್ ೮ರ ಶಾಸನವು ಯಾವ ಲೋಹದ ಖಾಸಗಿ ಹಣವನ್ನೂ ಬಿಡಲಿಲ್ಲ. ವರ್ತಕರು ಕಲಿಸಿದ ಪಾಠವನ್ನು ಸರ್ಕಾರ ಕಲಿತು, ಅನಂತರ ಪಾಠಶಾಲೆಯನ್ನು ಮುಚ್ಚಿಸಿತೆಂದು ಹೇಳಿದರೆ ತಪ್ಪಾಗದು. ಲಿಂಡೆನ್‌ಮ್ಯೂಲರನ ಕಥೆಯನ್ನು ಮಾತ್ರ ಹೇಳಿ ನಿಲ್ಲಿಸುವ ಸೂಚಿಗಳಲ್ಲಿ ಈ ಅಂಶ ಮರೆಯಾಗುತ್ತದೆ. ಮುಖ್ಯವಾದ ಸಂಗತಿಯೆಂದರೆ, ನಾಣ್ಯದಲ್ಲಿ ಲೋಹದ ಬೆಲೆ ತುಂಬಿರಬೇಕೆಂಬ ಹಳೆಯ ಭಾವನೆಯನ್ನು ಆ ಎರಡು ವರ್ಷಗಳಲ್ಲಿ ಸಾಮಾನ್ಯ ಜನರು ಸಣ್ಣ ಕಾಸಿನ ಮಟ್ಟಿಗೆ ಕೈಬಿಟ್ಟರು. ಶಾಸನ ಅದನ್ನು ಅನುಸರಿಸಿತು.

೭

ಇದೆಲ್ಲವೂ ದೂರದ ದೇಶದ ಮಾತಾಯಿತೆಂದು ವಾಚಕರು ಭಾವಿಸಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲಿಯೂ ಇದೇ ಬಗೆಯ ಸನ್ನಿವೇಶ ಉಂಟಾಗಿತ್ತು. ೧೯೪೦ರಲ್ಲಿ ಸರ್ಕಾರವು ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಡುವುದನ್ನು ಅಪರಾಧವೆಂದು ಸಾರಿತು. ಅದೇ ವರ್ಷ ಒಂದು ರೂಪಾಯಿಯ ನೋಟು ಮತ್ತೆ ಬಂದಿತು. ಕಾಠಿಯಾವಾಡ ಮೊದಲಾದ ಕಡೆಗಳ ಸಂಸ್ಥಾನಗಳು ರಟ್ಟಿನ ಚಿಲ್ಲರೆ ಚೀಟಿಗಳನ್ನು ಹೊರಡಿಸಿದುವು. ೧೯೪೩ರಲ್ಲಿ ನಡುವೆ ತೂತಿರುವ ಕಾಸು ಬಂದಿತು. ನಮ್ಮ ಕರಾವಳಿಯಲ್ಲಿ ಅದನ್ನು ಒಟ್ಟೆ ಮುಕ್ಕಾಲು ಎಂದು ಕರೆದರು. ಅದರಲ್ಲಿದ್ದ ಲೋಹ ಹಿಂದಿನ ಕಾಲಾಣೆಯ ಅರ್ಧಕ್ಕಿಂತಲೂ ಕಡಮೆ. ೭೨ ಗ್ರೇನಿನಿಂದ ೪೮ ಗ್ರೇನಿಗೆ ಇಳಿದ ಅಮೆರಿಕದ ಸೆಂಟಿಗೂ ಇದಕ್ಕೂ ಇರುವ ಸಾಮ್ಯವನ್ನು ವಿದ್ಯಾರ್ಥಿಗಳು ಗಮನಿಸಬಹುದು.

ಅಂಥ ಚೀಟಿಗಳಾಗಲಿ ಬಿಲ್ಲೆಗಳಾಗಲಿ ಹಳೆಯ ಮನೆಯ ಪೆಟ್ಟಿಗೆಯಲ್ಲಿಯೋ ಅಂಗಡಿಯ ಕಡತದ ನಡುವೆಯೋ ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದರೆ ಮಾಡತಕ್ಕ ಕೆಲಸವನ್ನು ಸ್ಥೂಲವಾಗಿ ಇಲ್ಲಿ ಹೇಳಬಹುದು. ಮೊದಲು ಅದು ಎಲ್ಲಿ, ಯಾವ ವಸ್ತುಗಳ ಜೊತೆಯಲ್ಲಿ ಸಿಕ್ಕಿತೆಂಬುದನ್ನು ಬರೆದಿಡಬೇಕು. ಅದನ್ನು ಉಜ್ಜಿ ತೊಳೆಯಬಾರದು. ಸವೆತವೇ ಅದರ ಚರಿತ್ರೆ. ತೂಕ, ಅಳತೆ, ಲೋಹ ಇವನ್ನು ಗುರುತಿಸಬೇಕು. ಹೊರಡಿಸಿದವನ ಹೆಸರಿದ್ದರೆ ಆ ಕಾಲದ ಪುರಸಭೆಯ ದಾಖಲೆ, ಅಂಗಡಿಯ ಲೆಕ್ಕದ ಪುಸ್ತಕ ಮುಂತಾದವುಗಳಲ್ಲಿ ಅವನನ್ನು ಹುಡುಕಬೇಕು. ಇಲ್ಲದಿದ್ದರೆ ಆ ಹೊಣೆಗಾರನಿಲ್ಲದ ವಸ್ತುವನ್ನು ಜನ ಏಕೆ ಸ್ವೀಕರಿಸಿದರೆಂದು ಕೇಳಬೇಕು. ಕೊನೆಯದಾಗಿ, ಅದನ್ನು ಕೈಯಲ್ಲಿ ಹಿಡಿದು ಸರಕು ಕೊಂಡವರು ಇನ್ನೂ ಇದ್ದರೆ ಅವರ ಮಾತನ್ನು ಬರೆದುಕೊಳ್ಳಬೇಕು. ಆ ಯುದ್ಧ ಮುಗಿದು ಎಂಟು ದಶಕಗಳು ಸಂದಿವೆ. ಈ ಕೆಲಸಕ್ಕೆ ಉಳಿದಿರುವ ಕಾಲ ಹೆಚ್ಚಿಲ್ಲ.

ಸಂಗ್ರಾಹಕರನ್ನು ಹಳಿಯುವುದು ಈ ಲೇಖನದ ಇಂಗಿತವಲ್ಲ. ಅವರ ಶ್ರದ್ಧೆಯಿಲ್ಲದಿದ್ದರೆ ಈ ಬಿಲ್ಲೆಗಳೆಲ್ಲ ಎಂದೋ ಕುಲುಮೆ ಸೇರುತ್ತಿದ್ದುವು; ಫುಲ್ಡರ ಸೂಚಿಯಿಲ್ಲದೆ ಈ ವಿಮರ್ಶೆಯನ್ನು ಬರೆಯುವುದೂ ಸಾಧ್ಯವಿರಲಿಲ್ಲ. ಆದರೆ ಸೂಚಿಯು ಉತ್ತರಿಸುವ ಪ್ರಶ್ನೆ 'ಇಂಥದು ಇನ್ನೆಷ್ಟು ಉಳಿದಿವೆ?' ಎಂಬುದು. ಚರಿತ್ರೆಯ ಪ್ರಶ್ನೆ 'ಇದು ಎಷ್ಟು ಕೈಗಳನ್ನು ದಾಟಿತು, ಕೊನೆಯ ಕೈಗೆ ಇದಕ್ಕೆ ಬದಲಾಗಿ ಏನು ಸಿಕ್ಕಿತು?' ಎಂಬುದು. ಮೊದಲನೆಯ ಪ್ರಶ್ನೆಗೆ ದೊರೆತ ಉತ್ತರವನ್ನು ಎರಡನೆಯದಕ್ಕೆ ಹಚ್ಚಿದರೆ ನಮ್ಮ ನಿರ್ಣಯಗಳೆಲ್ಲ ತಲೆಕೆಳಗಾಗುತ್ತವೆ. ಮುಖ ಅಳಿಸಿ, ಅಂಚು ಸವೆದು, ಹರಾಜಿನಲ್ಲಿ ಯಾರೂ ಕೇಳದೆ ಉಳಿಯುವ ತಾಮ್ರದ ಬಿಲ್ಲೆಯನ್ನೇ ನಮ್ಮ ವಿದ್ಯಾರ್ಥಿಗಳು ಮೊದಲು ಕೈಗೆತ್ತಿಕೊಳ್ಳಬೇಕೆಂದು ನಾನು ಸೂಚಿಸುತ್ತೇನೆ.